ವರದಿ ಮೇ ತಿಂಗಳದು, ಮಾತ್ರೆ ತಪ್ಪಿದ್ದು ಜುಲೈನಲ್ಲಿ

ಪ್ರಶ್ನೆ: ನನಗೆ 38 ವರ್ಷ. ಊರು ಹೊಸನಗರದ ಕಡೆ. ಗಂಡ ತೀರಿಕೊಂಡಾಗಲೇ ನನಗೂ ಎಚ್‌ಐವಿ ಇದೆ ಅಂತ ಗೊತ್ತಾಯಿತು. ಮಗಳಿಗೆ ಇಲ್ಲ. ಎಂಟು ವರ್ಷದಿಂದ ಶಿವಮೊಗ್ಗದಿಂದ ಮಾತ್ರೆ ತರುತ್ತಿದ್ದೇನೆ. ಮೇ ತಿಂಗಳ ವೈರಲ್ ಲೋಡ್ ರಿಪೋರ್ಟಿನಲ್ಲಿ ವೈರಸ್ ಕಂಡಿಲ್ಲ ಅಂತ ಬಂದಿದೆ. ಜುಲೈನಲ್ಲಿ ವಿಪರೀತ ಮಳೆ, ಮನೆ ತುಂಬ ನೆಂಟರು. ಶಿವಮೊಗ್ಗಕ್ಕೆ ಹೋಗಲಾಗದೆ ಇಪ್ಪತ್ತು ದಿನ ಮಾತ್ರೆ ತಪ್ಪಿತು. ಆಮೇಲೆ ಬಿಟ್ಟಿಲ್ಲ. ಈಗ ಒಬ್ಬರ ಪರಿಚಯ ಆಗಿದೆ. ಪಿಕಪ್ ಓಡಿಸುತ್ತಾರೆ, ಹೆಂಡತಿಯಿಂದ ಬೇರೆಯಾಗಿದ್ದಾರೆ. ಮದುವೆ ಆಗೋಣ ಅನ್ನುತ್ತಾರೆ. ನನ್ನ ವಿಷಯ ಅವರಿಗೆ ಹೇಳಿಲ್ಲ. ಇಲ್ಲಿವರೆಗೆ ಕಾಂಡೋಮ್ ಬಳಸಿದ್ದೇವೆ, ಈಗ ಅವರು ಬೇಡ ಅನ್ನುತ್ತಿದ್ದಾರೆ. ಮಾತ್ರೆ ಸರಿಯಾಗಿ ತಗೊಂಡರೆ ಇನ್ನೊಬ್ಬರಿಗೆ ಹರಡಲ್ಲ ಅಂತ ಕೇಳಿದ್ದೇನೆ, ನಿಜವಾ? ಹೇಳದೇ ಇದ್ದರೆ ಕೇಸ್ ಆಗುತ್ತಾ? ಸ್ವಲ್ಪ ದಿನದಿಂದ ಬಿಳಿ ಸೆರಗೂ ಇದೆ. ಈ ವಯಸ್ಸಲ್ಲಿ, ಈ ಕಾಯಿಲೆ ಇಟ್ಟುಕೊಂಡು ನನಗೆ ಇದೆಲ್ಲ ಬೇಕಿತ್ತಾ ಅಂತಲೂ ಅನಿಸುತ್ತೆ.

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಇದೆಲ್ಲ ಬೇಕಿತ್ತಾ ಅಂತ ಹೆಂಗಸರು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಒಬ್ಬ ಗಂಡಸೂ ಕೇಳಿಲ್ಲ. ಎಚ್‌ಐವಿ ಇರುವ, ಹೆಂಡತಿ ಇಲ್ಲದ ಗಂಡಸು ಇನ್ನೊಂದು ಮದುವೆ ಅಂದರೆ ಮನೆಯವರೇ ಓಡಾಡಿ ಹುಡುಕುತ್ತಾರೆ. ನಿಮಗೆ ಮಾತ್ರ ಅದು ಆಸೆಬುರುಕತನ ಅನಿಸಬೇಕಾ? ನಿಮಗೆ 38 ವರ್ಷ. ಮಾತ್ರೆ ಸರಿಯಾಗಿ ನಡೆದರೆ ಇನ್ನೂ ಮೂವತ್ತು ನಲವತ್ತು ವರ್ಷ ಬದುಕುವ ದೇಹ ಅದು. ಜೊತೆಗೊಬ್ಬರು ಬೇಕು ಅನಿಸುವುದರಲ್ಲಿ ತಪ್ಪೇನೂ ಇಲ್ಲ. ಅಪಾಯ ಇರುವುದು ನಿಮ್ಮ ಆಸೆಯಲ್ಲಿ ಅಲ್ಲ, ಜುಲೈನ ಆ ಇಪ್ಪತ್ತು ದಿನದಲ್ಲಿ. ಅದನ್ನು ನೀವೇ ಬಿಚ್ಚಿ ಬರೆದಿರಿ, ಒಳ್ಳೆಯದಾಯಿತು.

ನೀವು ಕೇಳಿದ್ದು ನಿಜ. ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆ ಆಗಿ, ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಇನ್ನೊಬ್ಬರಿಗೆ ಹೋಗುವುದಿಲ್ಲ. ಇದು ಧೈರ್ಯ ತುಂಬೋದಕ್ಕೆ ಸುಮ್ನೆ ಹೇಳುವ ಮಾತಲ್ಲ. ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ಎಚ್‌ಪಿಟಿಎನ್ 052 ಅನ್ನುವ ಅಧ್ಯಯನದಲ್ಲಿ ನಮ್ಮ ಚೆನ್ನೈ, ಪುಣೆಯ ಜೋಡಿಗಳೂ ಇದ್ದರು. ಅದರ ಮೊದಲ ಫಲಿತಾಂಶ ಬಂದದ್ದು 2011ರಲ್ಲಿ. ಯುರೋಪಿನ ಪಾರ್ಟ್‌ನರ್ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಆ ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಸೇರಿದ್ದರು. ವೈರಸ್ ಹತೋಟಿಯಲ್ಲಿದ್ದ ಸಂಗಾತಿಯಿಂದ ಇನ್ನೊಬ್ಬರಿಗೆ ಬಂದ ಸೋಂಕು ಸೊನ್ನೆ. ಗಂಡು-ಗಂಡು ಜೋಡಿಗಳನ್ನೇ ನೋಡಿದ ಎರಡನೇ ಹಂತದ ಫಲಿತಾಂಶ 2019ರಲ್ಲಿ ಬಂತು. ಅಲ್ಲೂ ಸೊನ್ನೆಯೇ. ಆ ವರ್ಷಗಳಲ್ಲಿ ಕೆಲವರಿಗೆ ಹೊಸದಾಗಿ ಸೋಂಕು ಬಂದದ್ದು ಹೌದು. ಆದರೆ ವೈರಸ್ಸಿನ ವಂಶವಾಹಿ ಪರೀಕ್ಷಿಸಿದಾಗ ಅದು ಸಂಗಾತಿಯ ವೈರಸ್ ಅಲ್ಲ, ಹೊರಗಿನವರದ್ದು ಅಂತ ಗೊತ್ತಾಯಿತು.

ಇಲ್ಲಿ ಒಂದು ಗೊಂದಲ ಜಾಸ್ತಿ ಕಾಣುತ್ತೇನೆ. ಸಿಡಿ4 ಎಂಟು ನೂರು ಇದೆ, ಇನ್ನೇನು ಭಯ ಅನ್ನುತ್ತಾರೆ. ಸಿಡಿ4 ಅಂದರೆ ಕಾಯಿಲೆ ತಡೆಯುವ ಒಂದು ಬಗೆಯ ರಕ್ತಕಣದ ಲೆಕ್ಕ, ಅದು ಹೇಳುವುದು ನಿಮ್ಮ ದೇಹದ ಶಕ್ತಿ. ಹರಡುತ್ತದೋ ಇಲ್ಲವೋ ಅನ್ನುವುದಕ್ಕೆ ನೋಡಬೇಕಾದ್ದು ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಲೆಕ್ಕ. ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’ ಅಂತ ಬಂದರೆ ವೈರಸ್ ಪರೀಕ್ಷೆಗೆ ಸಿಕ್ಕಿಲ್ಲ ಅಂತ ಅರ್ಥ. ದೇಹದಲ್ಲಿ ಇಲ್ಲವೇ ಇಲ್ಲ ಅಂತ ಅಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ಕೆಲವು ಜೀವಕೋಶಗಳ ಒಳಗೆ ಅದು ಕೂತೇ ಇರುತ್ತದೆ. ಮಾತ್ರೆ ನಿಂತರೆ ಹೆಚ್ಚಿನವರಲ್ಲಿ ಎರಡರಿಂದ ನಾಲ್ಕು ವಾರದೊಳಗೆ ರಕ್ತಕ್ಕೆ ವಾಪಸ್ ಬರುತ್ತದೆ. ನೀವು ಬಿಟ್ಟದ್ದು ಇಪ್ಪತ್ತು ದಿನ. ಅಂದರೆ ಮೇ ತಿಂಗಳ ರಿಪೋರ್ಟ್ ಮೇ ತಿಂಗಳಿಗೆ ಸರಿ. ಇವತ್ತು ನಿಮ್ಮ ರಕ್ತ ಹೇಗಿದೆ ಅಂತ ಆ ಕಾಗದ ಹೇಳಲಾರದು.

ಗಾಬರಿ ಬೇಡ. ನೀವು ಈಗ ತಗೊಳ್ಳುತ್ತಿರುವುದು ಬಹುಶಃ ಟಿಎಲ್‌ಡಿ, ದಿನಕ್ಕೊಂದೇ ಮಾತ್ರೆ, ಟೆನೋಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ್ದು. ಇದರಲ್ಲಿರುವ ಡೊಲುಟೆಗ್ರಾವಿರ್ ಗಟ್ಟಿ ಔಷಧಿ. ಒಂದು ಸಲ ತಪ್ಪಿತು ಅಂತ ವೈರಸ್ ಅದಕ್ಕೆ ಅಷ್ಟು ಸುಲಭವಾಗಿ ಜಗ್ಗದಂತೆ ಆಗುವುದಿಲ್ಲ. ಮತ್ತೆ ಶುರು ಮಾಡಿ ಬಿಡದೆ ತಗೊಂಡಿದ್ದೀರಿ, ಹಾಗಾಗಿ ಈಗಾಗಲೇ ಹತೋಟಿಗೆ ಬಂದಿರುವ ಸಾಧ್ಯತೆಯೇ ಹೆಚ್ಚು. ಆದರೆ ಸಾಧ್ಯತೆ ಬೇರೆ, ರಿಪೋರ್ಟ್ ಬೇರೆ. ಮತ್ತೆ ಶುರು ಮಾಡಿ ಮೂರು ತಿಂಗಳು ತುಂಬಿದ್ದರೆ, ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಇಪ್ಪತ್ತು ದಿನದ ವಿಷಯ ಹೇಳಿ, ವೈರಲ್ ಲೋಡ್ ಮಾಡಿಸಿ ಅಂತ ನೀವೇ ಕೇಳಿ. ವರ್ಷಕ್ಕೊಂದು ಸಲದ ಮಾಮೂಲಿ ಪರೀಕ್ಷೆ ಬರಲಿ ಅಂತ ಮುಂದಿನ ಮೇವರೆಗೆ ಕಾಯಬೇಡಿ. ಬೈಯುತ್ತಾರೆ ಅಂತ ಮುಚ್ಚಿಡುವವರೇ ಜಾಸ್ತಿ. ಬೈದರೂ ಎರಡು ನಿಮಿಷ ಅಷ್ಟೇ. ಹೊಸ ರಿಪೋರ್ಟ್ ಕೈಗೆ ಬರುವವರೆಗೆ ಕಾಂಡೋಮ್ ಬಿಡುವ ಮಾತೇ ಬೇಡ.

ಜುಲೈ ಮತ್ತೆ ಬರುತ್ತದೆ, ಮಳೆಯೂ ಬರುತ್ತದೆ. ಸ್ಥಿರವಾಗಿರುವವರಿಗೆ ಒಂದೇ ಸಲ ಎರಡು ಮೂರು ತಿಂಗಳ ಮಾತ್ರೆ ಕೊಡುವ ವ್ಯವಸ್ಥೆ ಇದೆ. ಜೂನ್ ಮೊದಲ ವಾರವೇ ಹೋಗಿ ಮಳೆಗಾಲದ ಮಾತ್ರೆ ಒಟ್ಟಿಗೆ ಕೇಳಿ ತನ್ನಿ. ಅಡಿಕೆ ಕೊಯ್ಲಿನ ಹೊತ್ತಿಗೂ ಇದೇ ಮಾತು. ಸುಲಿಯೋ ಕೆಲಸ ಶುರುವಾದರೆ ರಾತ್ರಿ ಹನ್ನೊಂದಾದರೂ ಚಪ್ಪರದಿಂದ ಏಳಲು ಆಗುವುದಿಲ್ಲ, ಒಂದು ದಿನದ ಕೂಲಿ ಬಿಟ್ಟು ಶಿವಮೊಗ್ಗಕ್ಕೆ ಹೋಗುವ ಮನಸ್ಸೂ ಬರುವುದಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ದೂರ ಆದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಲಿಂಕ್ ಎಆರ್‌ಟಿ ಕೇಂದ್ರ ಇದೆಯಾ ಕೇಳಿ. ಇದ್ದರೆ ತಿಂಗಳ ಮಾತ್ರೆ ಅಲ್ಲೇ ಸಿಗುತ್ತದೆ. ಆದರೆ ಅಲ್ಲಿ ಊರಿನವರು ಕಾಣುತ್ತಾರೆ ಅಂತಲೇ ಎಷ್ಟೋ ಜನ ಎರಡು ಬಸ್ ಬದಲಿಸಿ ದೂರ ಬರುತ್ತಾರೆ. ಅದು ನನಗೂ ಗೊತ್ತು. ನಿಮಗೆ ಯಾವುದು ಆಗುತ್ತದೋ ಅದನ್ನೇ ಆರಿಸಿಕೊಳ್ಳಿ.

ಮಾತ್ರೆಯ ಬಿಳಿ ಡಬ್ಬಿ ಬಸ್ಸಿನಲ್ಲಿ ಗಲಗಲ ಅನ್ನುತ್ತೆ, ಪಕ್ಕದವರು ಕೇಳುತ್ತಾರೆ ಅಂತ ಕೆಲವರು ಮಾತ್ರೆ ತೆಗೆದು ಪೇಪರಿನಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲೋ ಸೀರೆ ಮಡಿಕೆಯಲ್ಲೋ ಇಡುತ್ತಾರೆ. ಬೇಸಿಗೆಯಲ್ಲಿ ಹೇಗೋ ನಡೆದೀತು. ಆಗಸ್ಟಿನಲ್ಲಿ ಉಪ್ಪೇ ನೀರಾಗುವ ಊರು ನಮ್ಮದು, ಮಾತ್ರೆ ತೇವ ಹಿಡಿಯದೆ ಇರುತ್ತದಾ? ಡಬ್ಬಿಯ ಮೇಲಿನ ಚೀಟಿ ಬೇಕಾದರೆ ಕಿತ್ತುಬಿಡಿ. ಮಾತ್ರೆ ಮಾತ್ರ ಅದೇ ಡಬ್ಬಿಯಲ್ಲಿ, ಒಳಗಿನ ಸಣ್ಣ ತೇವ ಹೀರುವ ಪೊಟ್ಟಣದ ಸಮೇತ, ಮುಚ್ಚಳ ಬಿಗಿಯಾಗಿ ಇರಲಿ. ಇನ್ನೊಂದು ವಿಷಯ. ಗ್ಯಾಸ್‌ಗೆ ಕುಡಿಯುವ ಬಿಳಿ ಔಷಧಿ, ಜಗಿಯುವ ಆಂಟಾಸಿಡ್ ಮಾತ್ರೆ ಇವು ಡೊಲುಟೆಗ್ರಾವಿರ್ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಎಚ್‌ಐವಿ ಮಾತ್ರೆ ನುಂಗಿ ಎರಡು ಗಂಟೆ ಬಿಟ್ಟು ಅವನ್ನು ತಗೊಳ್ಳಿ. ಅವನ್ನು ಮೊದಲೇ ತಗೊಂಡಿದ್ದರೆ ಎಚ್‌ಐವಿ ಮಾತ್ರೆಗೆ ಆರು ಗಂಟೆ ಬಿಡಿ. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗೂ ಇದೇ ಲೆಕ್ಕ, ಊಟದ ಜೊತೆಗಾದರೆ ಒಟ್ಟಿಗೆ ತಗೊಳ್ಳಬಹುದು. ಮತ್ತೆ, ಇಂಗ್ಲಿಷ್ ಮಾತ್ರೆ ಬಿಟ್ಟು ಬೇರು ತಿನ್ನು, ಆರು ತಿಂಗಳಲ್ಲಿ ನೆಗೆಟಿವ್ ಆಗುತ್ತೆ ಅನ್ನುವ ನಾಟಿ ಮದ್ದಿನವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಬೇರು ತಿಂದರೂ ಬಿಟ್ಟರೂ ಮಾತ್ರೆ ಮಾತ್ರ ಬಿಡಬಾರದು. ಒಳಗೆ ಹೆಪಟೈಟಿಸ್ ಬಿ ಇದ್ದವರು ಈ ಮಾತ್ರೆ ಥಟ್ಟನೆ ನಿಲ್ಲಿಸಿದರೆ ಲಿವರ್ರೂ ಕೆರಳಬಹುದು. ಟೆನೋಫೋವಿರ್, ಲ್ಯಾಮಿವುಡಿನ್ ಎರಡೂ ಆ ಕಾಯಿಲೆಯನ್ನೂ ತಡೆಹಿಡಿದಿರುತ್ತವೆ.

ಈಗ ಅವರ ವಿಷಯ. ನಿಮ್ಮಿಂದ ಅವರಿಗೆ ಏನಾಗಬಹುದು ಅಂತ ಇಷ್ಟು ಯೋಚಿಸಿದ್ದೀರಿ. ಅವರಿಂದ ನಿಮಗೆ ಏನು ಬರಬಹುದು ಅಂತ ಒಂದು ಸಾಲೂ ಬರೆದಿಲ್ಲ. ಎಚ್‌ಐವಿ ಇರುವವರಿಗೆ ಯಾಕೋ ಇದೊಂದು ಅಭ್ಯಾಸ ಆಗಿಬಿಟ್ಟಿದೆ. ತಾವೇ ಅಪಾಯ, ತಮಗೇನೂ ಅಪಾಯ ಇಲ್ಲ ಅಂದುಕೊಳ್ಳುತ್ತಾರೆ. ಅವರು ಕೊನೆಯ ಸಲ ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ? ಪಿಕಪ್ ಓಡಿಸುವವರು ಅಂತ ಅನುಮಾನಪಟ್ಟು ಕೇಳುತ್ತಿಲ್ಲ, ತೋಟದ ಯಜಮಾನರಾದರೂ ಇದನ್ನೇ ಕೇಳುತ್ತಿದ್ದೆ. ನಿಮ್ಮ ಮಾತ್ರೆ ತಡೆಯುವುದು ಎಚ್‌ಐವಿ ಹರಡುವುದನ್ನು ಮಾತ್ರ. ಸಿಫಿಲಿಸ್, ಗೊನೊರಿಯಾ, ಕ್ಲಮೈಡಿಯ, ಹರ್ಪಿಸ್, ಎಚ್‌ಪಿವಿ ಯಾವುದನ್ನೂ ಅದು ತಡೆಯುವುದಿಲ್ಲ. ಸಿಫಿಲಿಸ್ ಹುಣ್ಣು ನೋಯುವುದಿಲ್ಲ. ಹೆಂಗಸರಲ್ಲಿ ಒಳಗೆ ಆಗಿ, ತಾನೇ ಮಾಯುತ್ತದೆ. ವಾಸಿಯಾಯಿತು ಅಂದುಕೊಂಡರೆ ರಕ್ತದಲ್ಲಿ ಉಳಿದಿರುತ್ತದೆ. ಎಚ್‌ಐವಿ ಜೊತೆಗಿದ್ದರೆ ಕಣ್ಣು, ನರಗಳಿಗೆ ಬೇಗ ಹೋಗಬಹುದು. ಒಂದು ಸಣ್ಣ ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ, ಪೆನಿಸಿಲಿನ್ ಇಂಜೆಕ್ಷನ್‌ಗೆ ಹೋಗುತ್ತದೆ. ಹಾಗಾಗಿ ವೈರಲ್ ಲೋಡ್ ಸರಿ ಬಂದ ಮೇಲೂ, ಇಬ್ಬರ ಪರೀಕ್ಷೆ ಮುಗಿಯುವವರೆಗೆ ಕಾಂಡೋಮ್ ಇರಲಿ ಅನ್ನುತ್ತೇನೆ. ನಿಮಗೋಸ್ಕರ.

ಅವರು ಬೇಡ ಅನ್ನುವುದಕ್ಕೆ ಕಾರಣ ಏನು ಅಂತ ಕೇಳಿದ್ದೀರಾ? ಎಷ್ಟೋ ಸಲ ಅದು ನಂಬಿಕೆಯ ಪ್ರಶ್ನೆಯೇ ಅಲ್ಲ. ಒಣಗುತ್ತೆ, ಉರಿಯುತ್ತೆ, ಹರಿಯುತ್ತೆ, ಅಷ್ಟೇ. ಒಣಗುತ್ತೆ ಅಂತ ನಮ್ಮ ಕಡೆ ಕೈಗೆ ಸಿಗುವ ಕೊಬ್ಬರಿ ಎಣ್ಣೆ ಹಚ್ಚಿಬಿಡುತ್ತಾರೆ. ಎಣ್ಣೆ ತಾಗಿದರೆ ರಬ್ಬರು ನಿಮಿಷಗಳಲ್ಲೇ ಬಲ ಕಳೆದುಕೊಂಡು ಹರಿಯುತ್ತದೆ. ವ್ಯಾಸಲೀನ್, ತುಪ್ಪಕ್ಕೂ ಇದೇ ಗತಿ. ಮೆಡಿಕಲ್ ಶಾಪಿನಲ್ಲಿ ನೀರಿನಂಶದ ಜೆಲ್ ಸಿಗುತ್ತದೆ, ಅದನ್ನು ಬಳಸಿ. ಪಿಕಪ್ಪಿನ ಡ್ಯಾಶ್‌ಬೋರ್ಡಿನಲ್ಲಿ ಬಿಸಿಲಿಗೆ ಬಿದ್ದಿದ್ದ ಪ್ಯಾಕೆಟ್ ತೆಗೆದುಕೊಂಡರೆ ಅದೂ ಹರಿಯುತ್ತದೆ. ಸದ್ಯಕ್ಕೆ ಕಾರಣ ಹೇಳಬೇಕಾಗಿ ಬಂದರೆ ‘ಬಸಿರಾದರೆ ಏನು ಮಾಡೋಣ?’ ಅನ್ನಿ. ಅದು ಸುಳ್ಳೂ ಅಲ್ಲ. 38 ಅಂದರೆ ಇನ್ನೂ ಬಸಿರಾಗುವ ವಯಸ್ಸೇ. ವಂಕಿ (ಕಾಪರ್-ಟಿ) ಹಾಕಿಸಿಕೊಳ್ಳಬಹುದು, ಸರ್ಕಾರಿ ಆಸ್ಪತ್ರೆಯ ಅಂತರ ಇಂಜೆಕ್ಷನ್ ಇದೆ, ಡೊಲುಟೆಗ್ರಾವಿರ್ ಜೊತೆ ಯಾವುದಕ್ಕೂ ತಕರಾರಿಲ್ಲ. ಮಗು ಬೇಕು ಅನಿಸಿದರೂ ದಾರಿ ಇದೆ, ವೈರಸ್ ಹತೋಟಿಯಲ್ಲಿರುವ ತಾಯಿಯಿಂದ ಮಗುವಿಗೆ ಬರುವುದು ಬಹಳ ಅಪರೂಪ. ಆದರೆ ಅದನ್ನು ಮೊದಲೇ ಡಾಕ್ಟರ ಹತ್ತಿರ ಮಾತಾಡಿಕೊಂಡು ಮಾಡಬೇಕು.

ಬಿಳಿ ಸೆರಗು. ಎಲ್ಲ ಬಿಳಿ ಸೆರಗೂ ಕಾಯಿಲೆಯಲ್ಲ. ಮುಟ್ಟಿನ ನಡುವಿನ ದಿನಗಳಲ್ಲಿ ಲೋಳೆಯಂತೆ, ವಾಸನೆ ಇಲ್ಲದೆ ಹೋದರೆ ಅದು ಸಹಜ. ಮೊಸರು ಒಡೆದ ಹಾಗೆ ಗಡ್ಡೆಗಡ್ಡೆ, ಜೊತೆಗೆ ತುರಿಕೆ ಇದ್ದರೆ ಫಂಗಸ್ ಇರಬಹುದು. ಮೀನಿನ ವಾಸನೆ, ಹಳದಿ ಹಸಿರು ಬಣ್ಣ, ಸೇರುವಾಗ ನೋವು, ಕಿಬ್ಬೊಟ್ಟೆ ನೋವು, ಸೇರಿದ ಮೇಲೆ ರಕ್ತ ಕಂಡರೆ ತಡ ಮಾಡಬಾರದು. ಮೆಡಿಕಲ್ ಶಾಪಿನಲ್ಲಿ ಒಂದು ಗುಳಿಗೆ ಕೇಳಿ ನುಂಗಿ ಸುಮ್ಮನಾಗಬೇಡಿ. ಡೆಟಾಲ್ ನೀರು ಒಳಗೆ ಹಾಕಿ ತೊಳೆಯುವುದು ಇನ್ನೂ ಕೆಟ್ಟದ್ದು. ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿನಲ್ಲಿ ಲೈಂಗಿಕ ಸೋಂಕಿಗೆ ಪರೀಕ್ಷೆ, ಔಷಧಿ ಎರಡೂ ಉಚಿತ. ಕಾಯಿಲೆಗೆ ತಕ್ಕಂತೆ ಬೇರೆ ಬೇರೆ ಬಣ್ಣದ ಔಷಧಿ ಕಿಟ್ ಕೊಡುತ್ತಾರೆ. ಕೆಲವು ಸೋಂಕಿಗೆ ಸಂಗಾತಿಯೂ ಔಷಧಿ ತಗೊಳ್ಳಬೇಕಾಗುತ್ತದೆ, ಇಲ್ಲದಿದ್ದರೆ ನಿಮಗೆ ವಾಸಿಯಾದದ್ದು ಅವರಿಂದ ವಾಪಸ್ ಬರುತ್ತದೆ.

ಅಲ್ಲಿಗೆ ಹೋದಾಗಲೇ ಗರ್ಭಕೊರಳಿನ ಪರೀಕ್ಷೆಯನ್ನೂ ಕೇಳಿ. ನೀವು ಇದನ್ನು ಕೇಳಿಲ್ಲ, ಆದರೆ ಇಡೀ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಇರುವುದು ಇದರದ್ದೇ. ಎಚ್‌ಐವಿ ಇರುವ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಸಾಧ್ಯತೆ ಉಳಿದವರಿಗಿಂತ ಸುಮಾರು ಆರು ಪಟ್ಟು. ಕಾರಣ ಎಚ್‌ಪಿವಿ ಅನ್ನುವ ವೈರಸ್, ಅದು ಗಂಡನಿಂದಲೇ ಎಷ್ಟೋ ವರ್ಷದ ಹಿಂದೆ ಬಂದಿರಬಹುದು. ಕ್ಯಾನ್ಸರ್ ಆಗುವ ಮೊದಲು ವರ್ಷಗಟ್ಟಲೆ ಸಣ್ಣ ಬದಲಾವಣೆಯಾಗಿ ಉಳಿದಿರುತ್ತದೆ. ಆ ಹಂತದಲ್ಲಿ ಸಿಕ್ಕರೆ ಸುಟ್ಟೋ ತಣ್ಣಗೆ ಮಾಡಿಯೋ ತೆಗೆದುಹಾಕುತ್ತಾರೆ, ಎಷ್ಟೋ ಸಲ ಅದೇ ದಿನ ಮನೆಗೆ. ಎಚ್‌ಐವಿ ಇರುವವರು 25 ವರ್ಷದಿಂದಲೇ ಈ ಪರೀಕ್ಷೆ ಶುರು ಮಾಡಿ, ಮೂರರಿಂದ ಐದು ವರ್ಷಕ್ಕೊಮ್ಮೆ ಮಾಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂಟು ವರ್ಷ ತಪ್ಪದೆ ಮಾತ್ರೆ ತಂದವರಲ್ಲೂ ಇದನ್ನು ಒಂದು ಸಲವೂ ಮಾಡಿಸದವರು ಎಷ್ಟೋ ಜನ.

ಇನ್ನು ಹೇಳುವ ಮಾತು. ಕಾನೂನು ಮೊದಲು. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕು ಇರುವವರು ಅದು ಇನ್ನೊಬ್ಬರಿಗೆ ಹರಡದಂತೆ ತಕ್ಕ ಎಚ್ಚರಿಕೆ ತಗೊಳ್ಳಬೇಕು ಅಂತ ಅದರ 10ನೇ ಕಲಂ ಹೇಳುತ್ತದೆ. ಅಪಾಯ ತಗ್ಗಿಸುವ ಕ್ರಮ, ಸಂಗಾತಿಗೆ ಮೊದಲೇ ತಿಳಿಸುವುದು, ಎರಡೂ ಆ ಎಚ್ಚರಿಕೆಯೊಳಗೆ ಬರುತ್ತವೆ. ಹೊಡೆತ, ಬಡಿತ, ಮನೆಯಿಂದ ಹೊರಹಾಕುವ ಭಯ ಇರುವ ಹೆಂಗಸರಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ನಿಮ್ಮ ವಿಷಯವನ್ನು ಆಸ್ಪತ್ರೆಯವರು ಊರಿಗೆ ಹೇಳುವಂತಿಲ್ಲ. ಸಂಗಾತಿಗೆ ಹೇಳುವುದಕ್ಕೂ ಡಾಕ್ಟರಿಗೆ, ಕೌನ್ಸೆಲರ್‌ಗೆ ಬಿಗಿಯಾದ ಷರತ್ತುಗಳಿವೆ. ಮೊದಲು ನಿಮಗೆ ತಿಳಿಸದೆ ಅವರು ಹೇಳುವಂತಿಲ್ಲ. ಆ ಇಪ್ಪತ್ತು ದಿನ ಬಿಟ್ಟರೆ ಮಾತ್ರೆ, ಕಾಂಡೋಮ್ ಎರಡನ್ನೂ ಬಿಡದ ನೀವು ಎಚ್ಚರಿಕೆ ತಗೊಂಡೇ ಇದ್ದೀರಿ.

ಆದರೂ ಮದುವೆಯಾಗಿ ಒಂದೇ ಮನೆಗೆ ಹೋಗುವುದಾದರೆ ಅದಕ್ಕೆ ಮೊದಲು ಹೇಳಿ ಅನ್ನುವುದು ನನ್ನ ಅಭಿಪ್ರಾಯ. ಅವರಿಗೂ ತಿಳಿದು ಒಪ್ಪುವ ಹಕ್ಕಿದೆ ಅನ್ನುವುದು ಒಂದು ಕಾರಣ. ಇನ್ನೊಂದು, ಎರಡು ಕೋಣೆಯ ಮನೆಯಲ್ಲಿ ದಿನಾ ಒಂದು ಮಾತ್ರೆಯನ್ನು ಗಂಡನಿಗೆ ಗೊತ್ತಾಗದ ಹಾಗೆ ನುಂಗುವುದು ಎಷ್ಟು ದಿನ ಆಗುತ್ತದೆ? ನೆಂಟರಿದ್ದ ಆ ಜುಲೈ ನೆನಪು ಮಾಡಿಕೊಳ್ಳಿ. ಕದ್ದು ನುಂಗುವ ಮಾತ್ರೆ ಒಂದಲ್ಲ ಒಂದು ದಿನ ತಪ್ಪುತ್ತದೆ. ಮಾತ್ರೆ ತಪ್ಪಿದರೆ ನೀವು ಕೇಳಿದ ‘ಹರಡಲ್ಲ’ ಅನ್ನುವ ಮಾತೂ ನಿಲ್ಲುವುದಿಲ್ಲ. ನಾನು ನೋಡಿದ ಮಟ್ಟಿಗೆ, ಸಂಗಾತಿಗೆ ಗೊತ್ತಿರುವ ಮನೆಗಳಲ್ಲಿ ‘ಇವತ್ತು ಮಾತ್ರೆ ಆಯ್ತಾ?’ ಅಂತ ಕೇಳುವ ಇನ್ನೊಂದು ದನಿ ಇರುತ್ತದೆ.

ಹೇಗೆ ಹೇಳುವುದು? ಫೋನಿನಲ್ಲಿ ಬೇಡ, ಕುಡಿದ ದಿನ ಬೇಡ, ರಾತ್ರಿ ಹಾಸಿಗೆಯಲ್ಲಂತೂ ಬೇಡವೇ ಬೇಡ. ಮೊದಲು ಅವರ ಮನಸ್ಸು ನೋಡಿ. ‘ನಮ್ಮೂರಲ್ಲಿ ಒಬ್ಬರಿಗೆ ಎಚ್‌ಐವಿ ಅಂತೆ, ಮದುವೆ ಆಗ್ತಿದ್ದಾರಂತೆ’ ಅಂತ ಮಾತು ತೆಗೆದು ಅವರು ಏನು ಹೇಳುತ್ತಾರೆ ಕೇಳಿ. ಬೈದು ಕೆಂಡವಾದರೆ ಆ ದಿನ ಅಲ್ಲಿಗೇ ನಿಲ್ಲಿಸಿ, ಮುಂದೇನು ಅಂತ ಕೌನ್ಸೆಲರ್ ಹತ್ತಿರ ಕೂತು ಯೋಚಿಸಿ. ಕೈ ಎತ್ತುವ ಮನುಷ್ಯ ಅಂತ ಅನುಮಾನ ಇದ್ದರೆ ಒಬ್ಬರೇ ಇರುವಾಗ ಹೇಳಬೇಡಿ. ಇಬ್ಬರೂ ಐಸಿಟಿಸಿಗೆ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಹೋಗಿ ಒಟ್ಟಿಗೆ ಪರೀಕ್ಷೆ ಮಾಡಿಸಿಕೊಳ್ಳಬಹುದು. ‘ಮದುವೆಗೆ ಮೊದಲು ಇಬ್ಬರೂ ರಕ್ತ ಪರೀಕ್ಷೆ ಮಾಡಿಸೋಣ’ ಅನ್ನುವುದು ಈಗ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಕೌನ್ಸೆಲರ್ ಎದುರಿಗೆ ಹೇಳಿದರೆ ಅವರಿಗೆ ಹುಟ್ಟುವ ನೂರು ಪ್ರಶ್ನೆಗೆ ಉತ್ತರ ಹೇಳುವ ಭಾರ ನಿಮ್ಮ ತಲೆ ಮೇಲೆ ಬೀಳುವುದಿಲ್ಲ. ಹೊಸ ರಿಪೋರ್ಟ್ ಕೈಯಲ್ಲಿ ಇರಲಿ. ತಿಳಿದ ಮೇಲೆ ಅವರಿಗೆ ಇನ್ನೂ ಅಳುಕಿದ್ದರೆ, ಸೋಂಕು ಇಲ್ಲದವರು ಮುಂಜಾಗ್ರತೆಗೆ ತಗೊಳ್ಳುವ ಪ್ರೆಪ್ ಮಾತ್ರೆಯೂ ಇದೆ. ರಿಪೋರ್ಟ್ ಬರುವ ಮೊದಲೇ ಕಾಂಡೋಮ್ ಹರಿದರೆ 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ, ಅವರು ಡಾಕ್ಟರನ್ನು ಕಾಣಬೇಕು. ಸೋಂಕು ತಗಲದಂತೆ ತಡೆಯಲು 28 ದಿನದ ಮಾತ್ರೆ ಇರುತ್ತದೆ.

ಇದನ್ನು ಓದುತ್ತಿರುವ ಗಂಡಸರಿಗೂ ಒಂದು ಮಾತು. ಎರಡನೇ ಹಂತದ ಎಚ್‌ಐವಿ ಮಾತ್ರೆಗಳಲ್ಲಿ ರಿಟೊನಾವಿರ್ ಇದ್ದರೆ, ಅಂಗಡಿಯಲ್ಲಿ ಸಿಗುವ ‘ಶಕ್ತಿ’ ಮಾತ್ರೆ, ಅಂದರೆ ಸಿಲ್ಡೆನಾಫಿಲ್ ತರಹದ್ದು, ರಕ್ತದಲ್ಲಿ ಹಲವು ಪಟ್ಟು ಏರಿ ಬಿಪಿ ಕುಸಿದು ಬೀಳಬಹುದು. ನಾಚಿಕೊಂಡು ಅಂಗಡಿಗೆ ಹೋಗುವ ಬದಲು ಎಆರ್‌ಟಿ ಡಾಕ್ಟರನ್ನೇ ಕೇಳಿ. ಅವರು ಇದಕ್ಕಿಂತ ದೊಡ್ಡದನ್ನೆಲ್ಲ ಕೇಳಿರುತ್ತಾರೆ.

ನೀವು ಶಿವಮೊಗ್ಗಕ್ಕೆ ಹೋಗುವ ದಿನ ಮುಟ್ಟಿನ ದಿನ ಆಗದ ಹಾಗೆ ನೋಡಿಕೊಳ್ಳಿ, ಗರ್ಭಕೊರಳಿನ ಪರೀಕ್ಷೆಗೆ ಅದು ಅಡ್ಡಿ. ಹಿಂದಿನ ಎರಡು ದಿನ ಒಳಗೆ ಯಾವ ಔಷಧಿಯನ್ನೂ ಹಾಕಿಕೊಳ್ಳಬೇಡಿ, ಸೇರುವುದೂ ಬೇಡ. ಮೇ ತಿಂಗಳ ರಿಪೋರ್ಟ್, ಮಾತ್ರೆ ಡಬ್ಬಿ ಎರಡೂ ಚೀಲದಲ್ಲಿರಲಿ. ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ವೈರಲ್ ಲೋಡ್ ರಕ್ತ, ಸುರಕ್ಷಾ ಕ್ಲಿನಿಕ್, ಹೆಂಗಸರ ವಿಭಾಗ ಮೂರನ್ನೂ ಒಂದೇ ದಿನ ಮುಗಿಸಲು ಪ್ರಯತ್ನಿಸಬಹುದು. ಹೋಗುವ ಮೊದಲು ಏನಾದರೂ ಕೇಳಬೇಕು ಅನಿಸಿದರೆ 1097ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ, ಹೆಸರೂ ಹೇಳಬೇಕಾಗಿಲ್ಲ.